ಕೈಗೆ ತಿಳಿದದ್ದಕ್ಕೆ ಹೆಸರು ಬೇಕು

ನಮ್ಮ ಸಂಘದ ವಾಚನಾಲಯಕ್ಕೆ ಭಾನುವಾರಗಳಂದು ತಪ್ಪದೆ ಬರುವವರಲ್ಲಿ ಒಬ್ಬರು ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಮಶಿನಿಸ್ಟ್ ಆಗಿ ದುಡಿಯುತ್ತಿರುವವರು. ಬೀದರ ಜಿಲ್ಲೆಯ ಬಸವಕಲ್ಯಾಣದ ಕಡೆಯವರು. ಐ.ಟಿ.ಐ. ಮುಗಿಸಿ ಹೈದರಾಬಾದಿಗೆ ಬಂದು ಇಪ್ಪತ್ತೈದು ವರ್ಷಗಳಾಗಿವೆ, ವಯಸ್ಸು ನಲವತ್ತಾರು. ಪತ್ರಿಕೆಗಳನ್ನು ಓದಿ ಮುಗಿಸಿ, ಯಾರೊಡನೆಯೂ ಹೆಚ್ಚು ಮಾತಾಡದೆ ಎದ್ದು ಹೋಗುವ ಸ್ವಭಾವ. ಅಂಥವರು ಕಳೆದ ವರ್ಷ ಒಂದು ಭಾನುವಾರ ನನ್ನೆದುರು ಕುಳಿತು, ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. "ಸಾಹೇಬ್ರ, ನೀವು ಲೆಕ್ಕದ ಇಲಾಖೆಯವರು. ಇದ್ರಾಗ ಸೊನ್ನೆ ಎಲ್ಲಿ ಅದ, ಜರಾ ಹೇಳ್ರಿ" ಎಂದರು.

ಹಾಳೆಯಲ್ಲಿದ್ದದ್ದು ಅಕ್ಷರಗಳೂ ಅಂಕಿಗಳೂ ಬೆರೆತ ಹತ್ತಾರು ಸಾಲುಗಳ ಒಂದು ಆದೇಶಪಟ್ಟಿ. ಅವರ ಕಾರ್ಖಾನೆಯಲ್ಲಿ ಎರಡು ಹಳೆಯ ಲೇತ್‌ಗಳನ್ನು ತೆಗೆದುಹಾಕಿ, ಗಣಕದಿಂದ ನಡೆಯುವ ಯಂತ್ರವೊಂದನ್ನು, ಎಲ್ಲರೂ ಸಿ.ಎನ್.ಸಿ. ಎಂದು ಕರೆಯುವಂಥದ್ದನ್ನು, ತಂದಿದ್ದರು. ಅದರ ಮುಂದೆ ನಿಂತವರು ಇವರೇ. ಆದರೆ ಆದೇಶಪಟ್ಟಿಯನ್ನು ಬರೆಯುವವನು ಡಿಪ್ಲೊಮಾ ಮುಗಿಸಿ ಬಂದ ಇಪ್ಪತ್ತೆರಡರ ತರುಣ. ಇವರ ಪಾಲಿಗೆ ಉಳಿದದ್ದು ಜಾಬ್ ಕಟ್ಟುವುದು, ಗುಂಡಿ ಒತ್ತುವುದು, ಜಾಬ್ ಬಿಚ್ಚುವುದು. ಇಷ್ಟೇ ಕೆಲಸಕ್ಕೆ ಇಪ್ಪತ್ತೈದು ವರ್ಷದ ಅನುಭವಸ್ಥನಿಗೇಕೆ ಸಂಬಳ ಕೊಡಬೇಕು ಎಂಬ ಪ್ರಶ್ನೆ ಇಂದಲ್ಲ ನಾಳೆ ಏಳುತ್ತದೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದ್ದರಿಂದಲೇ ಪಾಳಿ ಮುಗಿದ ಮೇಲೆ ಅಮೀರಪೇಟೆಯ ಗಲ್ಲಿಯೊಂದರಲ್ಲಿ ಸ್ವಂತ ಹಣ ಕಟ್ಟಿ ಕ್ಯಾಡ್ ಮತ್ತು ಕ್ಯಾಮ್, ಎಂದರೆ ಗಣಕದ ನೆರವಿನಿಂದ ನಕ್ಷೆ ರಚಿಸುವುದನ್ನೂ ಯಂತ್ರಕೆಲಸ ನಡೆಸುವುದನ್ನೂ ಕಲಿಸುವ ಸಂಜೆ ತರಗತಿಗೆ ಸೇರಿದ್ದರು. ಅಲ್ಲಿ "ಝಡ್ ಮೈನಸ್ 30 ಎಂದು ಒತ್ತಿ" ಎಂದರಂತೆ. ಮೈನಸ್ ಏಕೆ ಎಂದು ಇವರು ಕೇಳಿದರು. ಅದು ಹಾಗೆಯೇ ಎಂಬ ಉತ್ತರ ಬಂತು. ಸುತ್ತ ಕುಳಿತವರೆಲ್ಲ ಮಗನ ವಯಸ್ಸಿನವರು. ಎರಡನೆಯ ಬಾರಿ ಕೇಳಲು ಇವರಿಗೆ ಸಂಕೋಚವಾಯಿತು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಲೆಕ್ಕಪತ್ರಗಳ ನಡುವೆ ತಲೆ ನರೆಸಿಕೊಂಡ ನನಗೆ ಲೇತ್ ಎಂಬುದನ್ನು ಹತ್ತಿರದಿಂದ ಕಂಡು ಗೊತ್ತಿರಲಿಲ್ಲ. ಆದರೂ ಶಾಲೆಯ ಗಣಿತ ಪೂರಾ ಮರೆತಿರಲಿಲ್ಲ. ಕೆಲವು ಭಾನುವಾರ ಇಬ್ಬರೂ ಕೂಡಿ ಕುಳಿತೆವು. ಅವರು ಯಂತ್ರವನ್ನು ನನಗೆ ವಿವರಿಸಿದರು. ನಾನು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದೆ. ಆ ಕೆಲವು ವಾರಗಳಲ್ಲಿ ನನಗೆ ಮನವರಿಕೆಯಾದ ಸಂಗತಿಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನುರಿತ ಮಶಿನಿಸ್ಟನಿಗೆ ಗಣಕದ ಯಂತ್ರವಿದ್ಯೆ ಹೊಸ ವಿದ್ಯೆಯಲ್ಲ. ಅದರ ಬಹುಪಾಲು ಅವನ ಕೈಯಲ್ಲಿ ಆಗಲೇ ಇದೆ. ಅದಕ್ಕೆ ಹೆಸರಿಟ್ಟು ತೋರಿಸುವವರು ಮಾತ್ರ ಇಲ್ಲ. ಹೆಸರಿಡುವ ಆ ಕೆಲಸ ಅವನ ಮಾತೃಭಾಷೆಯಲ್ಲಿ ನಡೆದರೆ ಬೇಗ ನಡೆಯುತ್ತದೆ. ಹೊರನಾಡಿನಲ್ಲಿ ಅದನ್ನು ಮಾಡಬಹುದಾದವರು ನಮ್ಮಂಥ ಸಂಘಗಳವರು.

ಸೊನ್ನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೈಯಿಂದ ನಡೆಸುವ ಲೇತ್‌ನಲ್ಲಿ ಮಶಿನಿಸ್ಟ್ ಮೊದಲು ಮಾಡುವ ಕೆಲಸವೇನು? ತಿರುಗುತ್ತಿರುವ ಜಾಬಿನ ಮುಖಕ್ಕೆ ಟೂಲನ್ನು ಮೆಲ್ಲನೆ ತಾಗಿಸಿ, ಹಿಡಿಯ ಪಕ್ಕದ ಡಯಲನ್ನು ಸೊನ್ನೆಗೆ ತಂದು ನಿಲ್ಲಿಸುತ್ತಾನೆ. ಅಲ್ಲಿಂದ ಮುಂದಿನ ಅಳತೆಯೆಲ್ಲ ಆ ಬಿಂದುವಿನಿಂದ. ಗಣಕ ಯಂತ್ರವೂ ಇದನ್ನೇ ಕೇಳುತ್ತದೆ. ಯಂತ್ರಕ್ಕೆ ಕಟ್ಟುವಾಗಲೇ ಗೊತ್ತಾದ ತನ್ನದೊಂದು ಸೊನ್ನೆ ಇರುತ್ತದೆ. ಜಾಬಿನ ಸೊನ್ನೆ ಅದರಿಂದ ಎಷ್ಟು ದೂರ ಎಂಬುದನ್ನು ಮಶಿನಿಸ್ಟ್ ತಿಳಿಸಬೇಕು; ಈ ಅಂತರಕ್ಕೆ ಆಫ್‌ಸೆಟ್ ಎಂದು ಹೆಸರು. ಉದ್ದದ ದಿಕ್ಕಿಗೆ ಝಡ್ ಎನ್ನುತ್ತಾರೆ. ಜಾಬಿನ ಮುಖವನ್ನು ಸೊನ್ನೆಯೆಂದಿಟ್ಟುಕೊಂಡರೆ, ಅಲ್ಲಿಂದ ಚಕ್ಕಿನ ಕಡೆಗೆ, ಎಂದರೆ ಲೋಹದ ಒಳಕ್ಕೆ ಹೋಗುವುದು ಮೈನಸ್. ಲೋಹದಿಂದ ದೂರ ಸರಿಯುವುದು ಪ್ಲಸ್. 30 ಮಿಲಿಮೀಟರ್ ಉದ್ದಕ್ಕೆ ಕಡೆಯಬೇಕೆಂದರೆ ಮೈನಸ್ 30. ಇಷ್ಟನ್ನು ಹೇಳಿದ ಕೂಡಲೇ ಅವರು ಕುರ್ಚಿಯಿಂದ ಅರ್ಧ ಎದ್ದರು. "ಇದು ನಾ ದಿನಾ ಮಾಡೋದೇ ಅಲ್ರೀ! ಇಷ್ಟಕ್ಕ ಮೂರು ತಿಂಗಳು ತಲಿ ಕೆಡಿಸಿಕೊಂಡ್ನಿ" ಎಂದರು.

ಇನ್ನೊಂದು ನಿದರ್ಶನ. 40 ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳನ್ನು ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಕಡೆಯಬೇಕಾದರೆ ಅದು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗಬೇಕು. 100 ಮೀಟರನ್ನು ಮಿಲಿಮೀಟರ್ ಮಾಡಿ ಸರಳಿನ ಸುತ್ತಳತೆಯಿಂದ ಭಾಗಿಸಿದರೆ ಈ ಉತ್ತರ ಬರುತ್ತದೆ. ಈ ಭಾಗಾಕಾರವನ್ನು ನಮ್ಮ ಮಿತ್ರರು ಎಂದೂ ಮಾಡಿದವರಲ್ಲ. ಟೂಲಿನ ಸದ್ದು ಕೇಳಿ, ಹೊರಬರುವ ಚೂರಿನ ಬಣ್ಣ ನೋಡಿ ಗೇರು ಬದಲಿಸುತ್ತಿದ್ದರು. ವ್ಯಾಸ ಕಡಿಮೆಯಾದಂತೆ ಸುತ್ತು ಹೆಚ್ಚಬೇಕೆಂಬುದು ಅವರ ಕಿವಿಗೆ ತಿಳಿದಿತ್ತು. ಗಣಕ ಯಂತ್ರದಲ್ಲಿ ಜಿ96 ಎಂಬ ಆದೇಶ ಕೊಟ್ಟರೆ ಯಂತ್ರ ತಾನಾಗಿ ಆ ಹೊಂದಾಣಿಕೆಯನ್ನು ಮಾಡಿಕೊಳ್ಳುತ್ತದೆ. ಹಾಗೆಯೇ ಟೂಲನ್ನು 1 ಮಿಲಿಮೀಟರ್ ಒಳಕ್ಕೆ ಸರಿಸಿದರೆ ವ್ಯಾಸ 2 ಮಿಲಿಮೀಟರ್ ಇಳಿಯುತ್ತದೆಂಬುದು ಪ್ರತಿಯೊಬ್ಬ ಟರ್ನರನ ಮೊದಲ ಪಾಠ. ಗಣಕ ಲೇತ್‌ನಲ್ಲಿ ಅಡ್ಡ ದಿಕ್ಕಿನ ಅಳತೆಯನ್ನು ಸಾಮಾನ್ಯವಾಗಿ ವ್ಯಾಸದಲ್ಲೇ ಬರೆಯುವುದೂ ಇದೇ ಕಾರಣಕ್ಕೆ. ನೇರ ಗೆರೆಯಲ್ಲಿ ಕಡಿಯಲು ಜಿ01, ಗಡಿಯಾರದ ಮುಳ್ಳಿನ ದಿಕ್ಕಿನ ಕಮಾನಿಗೆ ಜಿ02, ಅದಕ್ಕೆ ಎದುರು ದಿಕ್ಕಿನ ಕಮಾನಿಗೆ ಜಿ03. ದಿನಬಳಕೆಗೆ ಬೇಕಾದ ಇಂಥ ಆದೇಶಗಳು ನಾಲ್ಕೈದು ಡಜನ್ನಿಗಿಂತ ಹೆಚ್ಚಿಲ್ಲ. ಅನ್ಯಭಾಷೆಯ ಊರಿನಲ್ಲಿ ಬದುಕು ಕಟ್ಟಿಕೊಂಡವನಿಗೆ ನಾಲ್ಕೈದು ಡಜನ್ ಹೊಸ ಪದಗಳು ಭಾರವೇ?

ನಕ್ಷೆಯ ವಿಷಯವೂ ಇದಕ್ಕಿಂತ ಬೇರೆಯಲ್ಲ. ಗಣಕದ ಪರದೆಯ ಮೇಲೆ ಘನಾಕೃತಿಯನ್ನು ರಚಿಸುವಾಗ ಈ ವೃತ್ತ ಆ ವೃತ್ತಕ್ಕೆ ಏಕಕೇಂದ್ರ, ಈ ಗೆರೆ ಆ ಗೆರೆಗೆ ಲಂಬ, ಈ ಕಮಾನು ಆ ಅಂಚಿಗೆ ಸ್ಪರ್ಶಕ ಎಂದು ಸಂಬಂಧಗಳನ್ನು ಹೇಳುತ್ತ ಹೋಗಬೇಕು. ನೀಲಿ ನಕ್ಷೆಗಳನ್ನು ಓದಿ ಲೋಹ ಕಡೆದವನು ಈ ಸಂಬಂಧಗಳನ್ನೆಲ್ಲ ಡಯಲ್ ಗೇಜಿನ ಮುಳ್ಳಿನಲ್ಲಿ ಪರೀಕ್ಷಿಸಿ ನೋಡಿದವನು. ಪರದೆಯ ಮೇಲೆ ಮಾತ್ರ ಬೆಳೆದ ತರುಣನಿಗೆ ತಿಳಿಯದ ಕೆಲವು ಸಂಗತಿಗಳೂ ಅವನಿಗೆ ತಿಳಿದಿರುತ್ತವೆ. ಚೌಕಾಕಾರದ ಗುಳಿಯೊಂದನ್ನು ಪರದೆಯ ಮೇಲೆ ಚೂಪು ಮೂಲೆಗಳೊಡನೆ ಬಿಡಿಸುವುದು ಕ್ಷಣದ ಕೆಲಸ. ಆದರೆ ಮಿಲ್ಲಿಂಗ್ ಕಟರ್ ದುಂಡಗಿನದು. ಅದು ತಿರುಗಿದ ಒಳಮೂಲೆಯಲ್ಲಿ ತನ್ನ ತ್ರಿಜ್ಯದಷ್ಟು ದುಂಡು ಉಳಿದೇ ಉಳಿಯುತ್ತದೆ. ಅಮೆರಿಕದಿಂದ ಬರುವ ನಕ್ಷೆಗಳಲ್ಲಿ ಬಲನೋಟ ಬಲಕ್ಕೇ ಇದ್ದರೆ, ನಮ್ಮ ದೇಶದ ಪದ್ಧತಿಯಲ್ಲಿ ಅದು ಎಡಕ್ಕೆ ಬರುತ್ತದೆ. ಇದನ್ನು ಗಮನಿಸದೆ ಕಡೆದರೆ ಜಾಬು ತಿರುಗುಮುರುಗು. ಇಂಥ ತಪ್ಪುಗಳನ್ನು ಲೋಹ ಹಾಳಾಗುವ ಮುನ್ನವೇ ಹಿಡಿಯಬಲ್ಲವನು ಹಳೆಯ ಮಶಿನಿಸ್ಟನಲ್ಲದೆ ಇನ್ನಾರು?

ಹೀಗಿರುವಾಗ ಅವನನ್ನು ಗುಂಡಿ ಒತ್ತುವ ಕೆಲಸಕ್ಕೆ ಇಳಿಸುವುದು ಯಂತ್ರದ ಸ್ವಭಾವದಿಂದ ತಾನಾಗಿ ಬಂದ ಪರಿಣಾಮವೆಂದು ಹಲವರು ನಂಬಿದ್ದಾರೆ. ಚರಿತ್ರೆ ಬೇರೆ ಮಾತು ಹೇಳುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದಲ್ಲಿ ಯಂತ್ರಗಳನ್ನು ತಾವಾಗಿ ನಡೆಯುವಂತೆ ಮಾಡಲು ಎರಡು ದಾರಿಗಳಿದ್ದವು. ನುರಿತ ಮಶಿನಿಸ್ಟ್ ಒಮ್ಮೆ ಕೈಯಿಂದ ಜಾಬು ಮಾಡುವಾಗಿನ ಚಲನೆಗಳನ್ನು ಟೇಪಿನ ಮೇಲೆ ದಾಖಲಿಸಿಕೊಂಡು, ಅವನ್ನೇ ಯಂತ್ರ ಮತ್ತೆ ಮತ್ತೆ ನಡೆಸುವುದು ಒಂದು ದಾರಿ. ಅವನನ್ನು ಬದಿಗಿಟ್ಟು, ಕಚೇರಿಯಲ್ಲಿ ಕುಳಿತವರು ನಕ್ಷೆಯಿಂದ ಅಂಕಿಗಳನ್ನು ಬರೆದು ಯಂತ್ರಕ್ಕೆ ಉಣಿಸುವುದು ಇನ್ನೊಂದು. ವಾಯುಪಡೆಯ ಹಣದ ಬೆಂಬಲದಿಂದ ಎಂ.ಐ.ಟಿ.ಯಲ್ಲಿ ಬೆಳೆದು 1952ರಲ್ಲಿ ಪ್ರದರ್ಶನಗೊಂಡದ್ದು ಈ ಎರಡನೆಯದು; ಮುಂದೆ ಲೋಕವೆಲ್ಲ ಹಬ್ಬಿದ್ದೂ ಅದೇ. ಡೇವಿಡ್ ನೋಬಲ್ ಎಂಬ ಚರಿತ್ರೆಕಾರ 1984ರಲ್ಲಿ ಪ್ರಕಟಿಸಿದ 'ಫೋರ್ಸಸ್ ಆಫ್ ಪ್ರೊಡಕ್ಷನ್' ಎಂಬ ಗ್ರಂಥದಲ್ಲಿ, ಈ ಆಯ್ಕೆಯ ಹಿಂದೆ ತಾಂತ್ರಿಕ ಲೆಕ್ಕಾಚಾರದಷ್ಟೇ ಕೆಲಸದ ಹಿಡಿತವನ್ನು ಕಾರ್ಮಿಕನ ಕೈಯಿಂದ ಆಡಳಿತದ ಕೈಗೆ ಸಾಗಿಸುವ ಆಸೆಯೂ ಇತ್ತೆಂದು ವಾದಿಸುತ್ತಾನೆ. ಅವನ ವಾದವನ್ನು ಪೂರ್ಣವಾಗಿ ಒಪ್ಪಬೇಕೆಂದಿಲ್ಲ. ವಿಮಾನದ ರೆಕ್ಕೆಯಂಥ ಸಂಕೀರ್ಣ ಆಕಾರಗಳನ್ನು ಕೈಚಲನೆಯಿಂದ ದಾಖಲಿಸುವುದು ಸುಲಭವೂ ಆಗಿರಲಿಲ್ಲ. ಆದರೆ ಆದೇಶಪಟ್ಟಿಯನ್ನು ಯಾರು ಬರೆಯಬೇಕೆಂಬುದು ಯಂತ್ರ ತೀರ್ಮಾನಿಸುವ ವಿಷಯವಲ್ಲ. ಮನುಷ್ಯರು ತೀರ್ಮಾನಿಸುವ ವಿಷಯ. ನಮ್ಮ ಮಿತ್ರರು ಅಮೀರಪೇಟೆಯ ಮೆಟ್ಟಿಲು ಹತ್ತಿದ್ದು ತಮ್ಮಿಂದ ಜಾರಿದ ಆ ಅಧಿಕಾರವನ್ನು ಮರಳಿ ಪಡೆಯುವುದಕ್ಕೆ ಎಂದು ನಾನು ತಿಳಿಯುತ್ತೇನೆ.

ಇದು ಒಬ್ಬರ ಕತೆಯಲ್ಲ. ಈ ನಗರ ಯಂತ್ರಗಾರಿಕೆಯ ನಗರ. 1943ರಲ್ಲಿ ಇಲ್ಲಿ ಪ್ರಾಗಾ ಟೂಲ್ಸ್ ಸ್ಥಾಪಿತವಾಯಿತು. ಅರವತ್ತರ ದಶಕದಿಂದ ಎಚ್.ಎಂ.ಟಿ., ಬಿ.ಎಚ್.ಇ.ಎಲ್., ಇ.ಸಿ.ಐ.ಎಲ್., ಮಿಧಾನಿಗಳು ಒಂದೊಂದಾಗಿ ಬಂದವು. ಅವುಗಳ ಬೆನ್ನಿಗೆ ಬಿಡಿಭಾಗ ಮಾಡಿಕೊಡುವ ಸಾವಿರಾರು ಸಣ್ಣ ಕಾರ್ಖಾನೆಗಳು ಬಾಲಾನಗರ, ಜೀಡಿಮೆಟ್ಲ, ಚೆರ್ಲಪಲ್ಲಿಗಳಲ್ಲಿ ಹುಟ್ಟಿಕೊಂಡವು. 1956ರವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲಿದ್ದ ಕಾರಣ ಆ ಸೀಮೆಯ ತರುಣರಿಗೆ ಬೆಂಗಳೂರಿಗಿಂತ ಈ ಊರೇ ಹತ್ತಿರ. ಜಹೀರಾಬಾದ್, ತಾಂಡೂರು, ನಾರಾಯಣಪೇಟೆಗಳ ಕನ್ನಡಿಗರಿಗೂ ದುಡಿಮೆಯ ದಾರಿ ಇತ್ತಲೇ. 1991ರ ಉದಾರೀಕರಣದ ನಂತರ ಸಾರ್ವಜನಿಕ ಉದ್ದಿಮೆಗಳ ಆಶ್ರಯ ಸಡಿಲವಾಯಿತು. ಈಗ ಆದಿಬಟ್ಲದಲ್ಲಿ 2018ರಿಂದ ಅಪಾಚೆ ಹೆಲಿಕಾಪ್ಟರಿನ ಒಡಲು ತಯಾರಾಗುತ್ತಿದೆ. ಅಂಥ ಉದ್ದಿಮೆಗೆ ಬಿಡಿಭಾಗ ಒದಗಿಸುವವನಿಗೆ ನೀಲಿ ನಕ್ಷೆಯ ಸುರುಳಿ ಬರುವುದಿಲ್ಲ. ಗಣಕದ ಕಡತ ಬರುತ್ತದೆ. ಅದನ್ನು ತೆರೆದು ಓದಲಾರದ ಮಶಿನಿಸ್ಟ್ ಎಷ್ಟೇ ನುರಿತವನಾದರೂ ಬಾಗಿಲಾಚೆಯೇ ನಿಲ್ಲಬೇಕಾಗುತ್ತದೆ.

ಕಲಿಸುವ ಸಂಸ್ಥೆಗಳು ಇಲ್ಲವೆಂದಲ್ಲ. ಬಾಲಾನಗರದಲ್ಲಿಯೇ 1968ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಸ್ಥಾಪಿತವಾದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ. ಅಲ್ಲಿ ಅಲ್ಪಾವಧಿಯ ತರಗತಿಗಳೂ ನಡೆಯುತ್ತವೆ. 1986ರಲ್ಲಿ ಚೆನ್ನೈಯಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆಯೊಂದು ಐ.ಟಿ.ಐ. ಪಠ್ಯಗಳನ್ನು ದೇಶಭಾಷೆಗಳಿಗೆ ತರುತ್ತಿದೆ. ಕೊರತೆಯಿರುವುದು ನಡುವಯಸ್ಸಿನವನ ವಿಷಯದಲ್ಲಿ. 1961ರ ಅಪ್ರೆಂಟಿಸ್ ಕಾಯಿದೆ ಕಸುಬಿಗೆ ಕಾಲಿಡುವ ತರುಣರನ್ನು ಕುರಿತದ್ದು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಪೂರ್ವಾನುಭವಕ್ಕೆ ಮಾನ್ಯತೆ ನೀಡುವ ಏರ್ಪಾಡು ಬಂದಿರುವುದು ಒಳ್ಳೆಯದೇ. ಆದರೆ ಅದರ ಮುಖ್ಯ ಗುರಿ ಬಲ್ಲದ್ದನ್ನು ಪ್ರಮಾಣೀಕರಿಸುವುದು. ಬಲ್ಲದ್ದರಿಂದ ಮುಂದಿನ ಮೆಟ್ಟಿಲಿಗೆ ಹತ್ತಿಸುವುದಲ್ಲ. ಸರ್ಕಾರಿ ನೌಕರನಾದ ನನ್ನನ್ನು ತರಬೇತಿಗೆ ಕಳಿಸಿದಾಗ ಆ ದಿನಗಳ ಸಂಬಳ ಕಡಿತವಾಗುವುದಿಲ್ಲ, ಪ್ರಯಾಣಭತ್ಯವೂ ಸಿಗುತ್ತದೆ. ಎಂಟು ಗಂಟೆ ನಿಂತು ದುಡಿದು, ಮತ್ತೆರಡು ಗಂಟೆ ಸ್ವಂತ ಖರ್ಚಿನಲ್ಲಿ ಕಲಿಯಬೇಕಾದವನ ಸ್ಥಿತಿಯೊಡನೆ ಇದನ್ನು ಹೋಲಿಸಿದರೆ ನಾಚಿಕೆಯಾಗುತ್ತದೆ.

ಇನ್ನು ಭಾಷೆಯ ಪ್ರಶ್ನೆ. ಯಂತ್ರವಿದ್ಯೆಗೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವವರು ಇದೇ ನಗರದ ಚರಿತ್ರೆಯನ್ನು ಒಮ್ಮೆ ನೋಡಬೇಕು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕಾಗಿ 1917ರಲ್ಲೇ ಭಾಷಾಂತರ ವಿಭಾಗವೊಂದನ್ನು ತೆರೆದು ಗ್ರಂಥಗಳನ್ನೂ ಪರಿಭಾಷೆಯನ್ನೂ ಸಿದ್ಧಪಡಿಸಿದರು. ಭಾರತೀಯ ಭಾಷೆ ತಾಂತ್ರಿಕ ವಿದ್ಯೆಯನ್ನು ಹೊರಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ಆದರೆ ಆ ಪ್ರಯೋಗದ ಇನ್ನೊಂದು ಮುಖವನ್ನೂ ಮರೆಯಬಾರದು. ರಾಜ್ಯದ ಬಹುಸಂಖ್ಯಾತರ ಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದವು. ಗುಲಬರ್ಗಾದ ಕನ್ನಡ ಹುಡುಗನಿಗೆ ಉರ್ದುವೂ ಕಲಿತೇ ಪಡೆಯಬೇಕಾದ ಭಾಷೆಯಾಗಿತ್ತು. ಆದ್ದರಿಂದ ಕಲಿಸುವವನಿಗೆ ಒಪ್ಪುವ ಭಾಷೆಗಿಂತ ಕಲಿಯುವವನ ಭಾಷೆ ಮುಖ್ಯ ಎಂಬ ಪಾಠವೂ ಅಲ್ಲಿದೆ.

2021ರಲ್ಲಿ ಕರ್ನಾಟಕದ ಕೆಲವು ಕಾಲೇಜುಗಳಿಗೆ, ಭಾಲ್ಕಿಯದೂ ಸೇರಿದಂತೆ, ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ದೊರೆತರೂ ವಿದ್ಯಾರ್ಥಿಗಳು ಮುಂದೆ ಬರಲಿಲ್ಲ ಎಂಬುದನ್ನು ಎತ್ತಿ ತೋರುವವರಿದ್ದಾರೆ. ಅದು ನಿಜ. ಹದಿನೆಂಟರ ಹುಡುಗ ಪದವಿಯ ಜೊತೆ ಇಡೀ ದೇಶದ ಉದ್ಯೋಗ ಪೇಟೆಯನ್ನು ನೋಡುತ್ತಾನೆ. ಅವನ ಭಯ ಅರ್ಥವಾಗುವಂಥದ್ದು. ನಲವತ್ತಾರರ ಮಶಿನಿಸ್ಟನ ಸಂದರ್ಭ ಬೇರೆ. ಅವನಿಗೆ ಕನ್ನಡದ ಪದವಿ ಬೇಕಿಲ್ಲ, ಕನ್ನಡದ ವಿವರಣೆ ಬೇಕು. ಕಾರ್ಖಾನೆಯಲ್ಲಿ ಅವನು ದಖ್ಖನಿ ಆಡುತ್ತಾನೆ, ಸಂತೆಯಲ್ಲಿ ತೆಲುಗು ಆಡುತ್ತಾನೆ. ಆದರೆ ತಿಳಿಯದ್ದನ್ನು ಎರಡನೆಯ ಬಾರಿ, ಮೂರನೆಯ ಬಾರಿ ಕೇಳಲು ಅವನಿಗೆ ನಾಚಿಕೆಯಾಗದ ಭಾಷೆ ಮನೆಯದು. ಫೀಡು, ಸ್ಪಿಂಡಲು, ಆಫ್‌ಸೆಟ್ಟು ಎಂಬ ಪದಗಳನ್ನು ತೆಗೆದು ಸಂಸ್ಕೃತದ ದೊಡ್ಡ ಸಮಾಸಗಳನ್ನು ಕೂರಿಸಬೇಕೆಂದು ನಾನು ಹೇಳುತ್ತಿಲ್ಲ. ಅವು ಅವನ ಬಾಯಲ್ಲಿ ಕನ್ನಡವಾಗಿಯೇ ಹೋಗಿವೆ. ಪದ ಯಾವುದೇ ಇರಲಿ, ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು, ಅಷ್ಟೇ.

ಹೆಸರಿಲ್ಲದ ಅರಿವು ಹೇಗೆ ಕಳೆದುಹೋಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಂಬಗಳನ್ನು ಕಂಡವರು ಅವು ಕಲ್ಲೋ ಕಡೆದ ಮರವೋ ಎಂದು ಬೆರಗಾಗುತ್ತಾರೆ. ಅಷ್ಟು ಭಾರದ ಕಲ್ಲನ್ನು ತಿರುಗಿಸಿ ಕಡೆದ ಬಗೆ ಯಾವುದು ಎಂಬ ಬಗ್ಗೆ ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಕಡೆದವರ ಕೈಗೆ ಉತ್ತರ ತಿಳಿದಿತ್ತು; ಅದನ್ನು ಕೇಳಿ ಬರೆದಿಟ್ಟವರಿಲ್ಲ. ಕಾಯಕದಿಂದ ಅರಿವು ಹುಟ್ಟುತ್ತದೆಂದು ಕಲ್ಯಾಣದ ಶರಣರ ಹೆಸರಿನಲ್ಲಿ ಭಾಷಣ ಮಾಡುವ ನಾವು, ಅದೇ ಕಲ್ಯಾಣದಿಂದ ಬಂದ ಕಾಯಕದವನ ಅರಿವಿಗೆ ಕಿವಿಗೊಟ್ಟಿದ್ದೇವೆಯೇ?

ಆದುದರಿಂದ ನನ್ನದೊಂದು ಸಲಹೆ. ನಮ್ಮ ಸಂಘದ ಸಭಾಂಗಣ ಭಾನುವಾರದ ಬೆಳಗಿನ ಹೊತ್ತು ಬಹುಮಟ್ಟಿಗೆ ಖಾಲಿಯಿರುತ್ತದೆ. ಸಾರ್ವಜನಿಕ ಉದ್ದಿಮೆಗಳ ಟೂಲ್‌ರೂಮುಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ನಮ್ಮ ಸದಸ್ಯರಲ್ಲೇ ಇದ್ದಾರೆ. ಫ್ರೀಕ್ಯಾಡ್‌ನಂಥ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ಒಂದೆರಡು ಬಳಸಿದ ಗಣಕಗಳು ಸಾಕು. ಹನ್ನೆರಡು ಭಾನುವಾರಗಳ ಒಂದು ತರಗತಿ ನಡೆಸೋಣ. ಮೊದಲ ನಾಲ್ಕು ವಾರ ಗಣಕವನ್ನು ಮುಟ್ಟುವುದೇ ಬೇಡ. ಗ್ರಾಫ್ ಹಾಳೆ, ಪೆನ್ಸಿಲು, ಸೊನ್ನೆ, ಪ್ಲಸ್ಸು, ಮೈನಸ್ಸು. ಮುಂದಿನ ನಾಲ್ಕು ವಾರ ಮೆಟ್ಟಿಲು ಮೆಟ್ಟಿಲಾದ ಒಂದು ಶಾಫ್ಟಿಗೆ ಕೈಯಿಂದಲೇ ಆದೇಶಪಟ್ಟಿ ಬರೆಯುವುದು. ಕೊನೆಯ ನಾಲ್ಕು ವಾರ ಪರದೆಯ ಮೇಲೆ ನಕ್ಷೆ. ಜೊತೆಗೆ ನೂರು ಪದಗಳಿಗೆ ಕನ್ನಡ ವಿವರಣೆಯಿರುವ ಒಂದು ಕಿರುಪುಸ್ತಕ. ಅದನ್ನು ಪ್ರಾಧ್ಯಾಪಕರು ಬರೆದರೆ ಸಾಲದು, ಮಶಿನಿಸ್ಟರು ಓದಿ ಒಪ್ಪಬೇಕು. ರಾಜ್ಯೋತ್ಸವದ ವಾದ್ಯಗೋಷ್ಠಿಗೂ ಶಾಲುಗಳಿಗೂ ನಾವು ಮಾಡುವ ವೆಚ್ಚದ ಸಣ್ಣ ಪಾಲಿನಲ್ಲಿ ಇದು ಆಗಿಹೋಗುತ್ತದೆ. ಮೂಸಿಯ ಪ್ರವಾಹದ ನಂತರ ಈ ನಗರಕ್ಕೆ ಬಂದು ನೆರವಾದ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಪ್ರತಿ ಸೆಪ್ಟೆಂಬರ್ 15ರಂದು ಹಾರ ಹಾಕುವ ನಮಗೆ, ಅವರ ಪ್ರೇರಣೆಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಕಸುಬಿನ ಶಿಕ್ಷಣಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತೆಂಬುದು ನೆನಪಿರಬೇಕು.

ಇದರಿಂದ ಎಲ್ಲರ ನೌಕರಿ ಉಳಿಯುತ್ತದೆಂದು ನಾನು ಆಶ್ವಾಸನೆ ಕೊಡಲಾರೆ. ಒಬ್ಬ ಕಾರ್ಮಿಕ ಎರಡು ಮೂರು ಗಣಕ ಯಂತ್ರಗಳನ್ನು ನೋಡಿಕೊಳ್ಳಬಲ್ಲನಾದ್ದರಿಂದ ಆಳುಗಳ ಸಂಖ್ಯೆ ಇಳಿಯುವುದು ಖಂಡಿತ. ಕಲಿತವರೆಲ್ಲರೂ ನಕ್ಷೆಗಾರರಾಗುವುದೂ ಇಲ್ಲ. ಆದರೆ ಉಳಿಯುವವರು ಯಂತ್ರದ ಅಧೀನರಾಗಿ ಉಳಿಯಬೇಕೋ, ಅದರ ಒಡೆಯರಾಗಿ ಉಳಿಯಬೇಕೋ ಎಂಬುದು ಕಲಿಕೆಯಿಂದ ನಿರ್ಧಾರವಾಗುತ್ತದೆ.

ನಮ್ಮ ಮಿತ್ರರು ಹೋದ ತಿಂಗಳು ಹಳೆಯ ಬಿಲ್ಲೊಂದರ ಹಿಂಬದಿಯಲ್ಲಿ ಹದಿನಾಲ್ಕು ಸಾಲುಗಳ ಆದೇಶಪಟ್ಟಿಯನ್ನು ತಾವೇ ಬರೆದು ತಂದಿದ್ದರು. ಆರನೆಯ ಸಾಲಿನಲ್ಲಿ ಮೈನಸ್ ಬಿಟ್ಟುಹೋಗಿತ್ತು. ನಾನು ಬೆರಳಿಡುವ ಮೊದಲೇ ಅವರಿಗೆ ಅದು ಕಾಣಿಸಿತು. "ಇಲ್ಲಿ ಟೂಲು ಜಾಬ್ ಬಿಟ್ಟು ಗಾಳ್ಯಾಗ ಹೋಗ್ತದ ನೋಡ್ರಿ" ಎಂದು ನಕ್ಕು, ತಿದ್ದಿಕೊಂಡರು. ಅವರೊಡನೆ ಕೆಲಸ ಮಾಡುವ ಇನ್ನಿಬ್ಬರು ಚಿಂಚೋಳಿಯವರು ಮುಂದಿನ ಭಾನುವಾರ ಬರುತ್ತೇವೆಂದಿದ್ದಾರಂತೆ. ಕಾರ್ಯಕಾರಿ ಸಮಿತಿಯವರು ಬರಲಿರುವ ಸಭೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದೂ, ಟೂಲ್‌ರೂಮಿನ ಅನುಭವವುಳ್ಳ ಸದಸ್ಯರು ತಮ್ಮ ಬಿಡುವಿನ ವೇಳೆಯನ್ನು ತಿಳಿಸಬೇಕೆಂದೂ ವಿನಂತಿಸುತ್ತೇನೆ. ಗ್ರಾಫ್ ಹಾಳೆಯ ಖರ್ಚು ನನ್ನದಿರಲಿ.